‘ಖಂಡಿತ’ ಎನ್ನುವ ಮುನ್ನ

ಶ್ರಾವಕನು ಪಾಲಿಸಬೇಕಾದ ಐದು ಅಣುವ್ರತಗಳಲ್ಲಿ ಸತ್ಯಾಣುವ್ರತವು ಎರಡನೆಯದು. ಈ ವ್ರತವನ್ನು ಕುರಿತು ಆಲೋಚಿಸುವಾಗ ನಾವು ಸಾಮಾನ್ಯವಾಗಿ ನಡೆದುಹೋದ ಸಂಗತಿಗಳನ್ನೇ ಮನಸ್ಸಿನಲ್ಲಿಟ್ಟುಕೊಳ್ಳುತ್ತೇವೆ. ಕಂಡದ್ದನ್ನು ಕಾಣಲಿಲ್ಲವೆನ್ನುವುದು, ಪಡೆದ ಸಾಲವನ್ನು ಪಡೆದೇ ಇಲ್ಲವೆನ್ನುವುದು, ಸುಳ್ಳು ಪತ್ರವನ್ನು ಬರೆಯುವುದು, ಇವೆಲ್ಲ ಅಸತ್ಯವೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಇನ್ನೂ ನಡೆಯದಿರುವುದನ್ನು ಕುರಿತು ಆಡುವ ಮಾತಿನ ಗತಿಯೇನು? ‘ನಾಳೆ ಹೀಗೆಯೇ ಆಗುತ್ತದೆ, ಸಂಶಯವೇ ಇಲ್ಲ’ ಎಂದು ಒಬ್ಬನು ಹೇಳಿ, ನಾಳೆ ಹಾಗೆ ಆಗದೆ ಹೋದರೆ, ಅವನಾಡಿದ್ದು ಅಸತ್ಯವೆ? ಅಥವಾ ಕೇವಲ ತಪ್ಪಿದ ಲೆಕ್ಕವೆ?

ಹಲವು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರವನ್ನು ಬೋಧಿಸಿದ ನನ್ನನ್ನು ಈ ಪ್ರಶ್ನೆ ಬಹುಕಾಲದಿಂದ ಕಾಡಿದೆ. ಇದನ್ನು ಪರೀಕ್ಷಿಸಲು ಅಮೆರಿಕಾದ ಅಧ್ಯಕ್ಷ ಚುನಾವಣೆಗಿಂತ ಉತ್ತಮವಾದ ಕ್ಷೇತ್ರವನ್ನು ನಾನು ಕಂಡಿಲ್ಲ. ನಾಲ್ಕು ವರ್ಷಗಳಿಗೊಮ್ಮೆ ಆ ದೇಶದ ಚುನಾವಣಾ ತಂತ್ರಜ್ಞರೂ ಸಮೀಕ್ಷಕರೂ ಪತ್ರಿಕಾ ಪಂಡಿತರೂ ಭವಿಷ್ಯವನ್ನು ನುಡಿಯುತ್ತಾರೆ. ಆ ನುಡಿಗಳು ದಿನಾಂಕದೊಡನೆ ಅಚ್ಚಾಗುತ್ತವೆ. ನವೆಂಬರ್ ತಿಂಗಳ ಒಂದು ರಾತ್ರಿ ಎಲ್ಲವೂ ಒರೆಗೆ ಹಚ್ಚಲ್ಪಡುತ್ತವೆ. ಜ್ಯೋತಿಷಿಯ ಮಾತಿನಂತೆ ಆಮೇಲೆ ಅರ್ಥವನ್ನು ಬದಲಾಯಿಸಿಕೊಳ್ಳಲು ಅಲ್ಲಿ ಅವಕಾಶವಿಲ್ಲ.

1936ರಲ್ಲಿ ‘ಲಿಟರರಿ ಡೈಜೆಸ್ಟ್’ ಎಂಬ ಪ್ರತಿಷ್ಠಿತ ಪತ್ರಿಕೆಯು ಒಂದು ಕೋಟಿ ಜನರಿಗೆ ಮತಚೀಟಿಗಳನ್ನು ಅಂಚೆಯಲ್ಲಿ ಕಳುಹಿಸಿತು. ಹಿಂದಿನ ಹಲವು ಚುನಾವಣೆಗಳಲ್ಲಿ ಅದರ ಭವಿಷ್ಯ ನಿಜವಾಗಿತ್ತು. ಇಪ್ಪತ್ತಮೂರು ಲಕ್ಷಕ್ಕೂ ಹೆಚ್ಚು ಚೀಟಿಗಳು ಮರಳಿ ಬಂದವು. ಅವುಗಳನ್ನು ಎಣಿಸಿ, ರಿಪಬ್ಲಿಕನ್ ಪಕ್ಷದ ಆಲ್ಫ್ರೆಡ್ ಲ್ಯಾಂಡನ್ ಗೆಲ್ಲುವರೆಂದು ಪತ್ರಿಕೆಯು ಸಾರಿತು. ಫಲಿತಾಂಶ ಬಂದಾಗ 48 ರಾಜ್ಯಗಳಲ್ಲಿ 46 ಫ್ರಾಂಕ್ಲಿನ್ ರೂಸ್‌ವೆಲ್ಟರ ಪಾಲಾಗಿದ್ದವು. ಲ್ಯಾಂಡನ್‌ಗೆ ದೊರೆತದ್ದು ಮೇನ್ ಮತ್ತು ವರ್ಮಾಂಟ್ ಎಂಬ ಎರಡು ಚಿಕ್ಕ ರಾಜ್ಯಗಳು ಮಾತ್ರ. 1938ರಲ್ಲಿ ಆ ಪತ್ರಿಕೆಯೇ ನಿಂತುಹೋಯಿತು.

1948ರಲ್ಲಿ ‘ನ್ಯೂಸ್‌ವೀಕ್’ ಪತ್ರಿಕೆಯು ರಾಜಕೀಯವನ್ನು ಬಲ್ಲ 50 ಮಂದಿ ಪರಿಣತರನ್ನು ಪ್ರಶ್ನಿಸಿತು. ಐವತ್ತು ಮಂದಿಯೂ ಒಂದೇ ಧ್ವನಿಯಲ್ಲಿ ಥಾಮಸ್ ಡ್ಯೂಯಿ ಗೆಲ್ಲುವರೆಂದರು. ಎಲ್ಮೋ ರೋಪರ್ ಎಂಬ ಹೆಸರಾಂತ ಸಮೀಕ್ಷಕರು, ಡ್ಯೂಯಿ ಬಹಳ ಮುಂದಿರುವುದರಿಂದ ಇನ್ನು ಅಂಕಿಗಳನ್ನು ಪ್ರಕಟಿಸುತ್ತ ಹೋಗುವ ಅಗತ್ಯವಿಲ್ಲವೆಂದು ಸೆಪ್ಟೆಂಬರಿನಲ್ಲಿಯೇ ಘೋಷಿಸಿದರು. ಚುನಾವಣೆಯ ರಾತ್ರಿ ‘ಷಿಕಾಗೋ ಡೈಲಿ ಟ್ರಿಬ್ಯೂನ್’ ಪತ್ರಿಕೆಯು ಎಣಿಕೆ ಮುಗಿಯುವ ಮೊದಲೇ ಟ್ರೂಮನ್ ಸೋತರೆಂದು ದೊಡ್ಡ ಅಕ್ಷರಗಳಲ್ಲಿ ಅಚ್ಚುಮಾಡಿತು. ಗೆದ್ದ ಹ್ಯಾರಿ ಟ್ರೂಮನ್ನರು ಸೇಂಟ್ ಲೂಯಿಸ್ ರೈಲು ನಿಲ್ದಾಣದಲ್ಲಿ ಆ ಪತ್ರಿಕೆಯನ್ನು ಎತ್ತಿ ಹಿಡಿದು ನಗುತ್ತಿರುವ ಛಾಯಾಚಿತ್ರವು ಇಂದಿಗೂ ಪ್ರಸಿದ್ಧವಾಗಿದೆ.

ಇವು ಹಳೆಯ ಕಾಲದ ಮಾತುಗಳು, ಗಣಕಯಂತ್ರ ಬಂದ ಮೇಲೆ ಹೀಗಾಗಲಾರದು ಎಂದು ಯಾರಾದರೂ ಹೇಳಬಹುದು. 2012ರಲ್ಲಿ ಡಿಕ್ ಮಾರಿಸ್ ಎಂಬ ತಂತ್ರಜ್ಞರು ಮಿಟ್ ರಾಮ್ನಿಯವರಿಗೆ ಚುನಾಯಕ ಮಂಡಲಿಯ 538 ಮತಗಳಲ್ಲಿ 325 ದೊರೆಯುವುದೆಂದರು. ದೊರೆತದ್ದು 206. ಸ್ವತಃ ರಾಮ್ನಿಯವರು ವಿಜಯ ಭಾಷಣವನ್ನು ಮಾತ್ರ ಬರೆದಿಟ್ಟುಕೊಂಡಿರುವುದಾಗಿ ಮತದಾನದ ದಿನ ಪತ್ರಕರ್ತರೊಡನೆ ಹೇಳಿದ್ದರು. 2016ರಲ್ಲಿ, ಬರಾಕ್ ಒಬಾಮರ 2008ರ ಗೆಲುವಿನ ಸೂತ್ರಧಾರರಾಗಿದ್ದ ಡೇವಿಡ್ ಪ್ಲಫ್ ಅವರು ಹಿಲರಿ ಕ್ಲಿಂಟನ್ನರ ಗೆಲುವು ನೂರಕ್ಕೆ ನೂರರಷ್ಟು ಎಂದರು. ಗೆದ್ದವರು ಡೊನಾಲ್ಡ್ ಟ್ರಂಪ್. 2024ರ ಅಕ್ಟೋಬರಿನಲ್ಲಿ, 1992ರಲ್ಲಿ ಬಿಲ್ ಕ್ಲಿಂಟನ್ನರನ್ನು ಗೆಲ್ಲಿಸಿದ ಜೇಮ್ಸ್ ಕಾರ್ವಿಲ್ ಅವರು, ಕಮಲಾ ಹ್ಯಾರಿಸ್ ಗೆಲ್ಲುವುದು ತಮಗೆ ನಿಶ್ಚಿತವೆಂದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಲೇಖನವನ್ನೇ ಬರೆದರು. ಟ್ರಂಪ್ 312 ಮತಗಳನ್ನು ಪಡೆದು ಗೆದ್ದರು.

ಇವರಲ್ಲಿ ಯಾರೂ ಮೂರ್ಖರಲ್ಲ. ತಮ್ಮ ವಿದ್ಯೆಯಲ್ಲಿ ಅಗ್ರಗಣ್ಯರೆನಿಸಿದವರು. ಸುಳ್ಳು ಹೇಳಬೇಕೆಂಬ ಉದ್ದೇಶವೂ ಇವರಿಗಿತ್ತೆಂದು ನಾನು ಭಾವಿಸುವುದಿಲ್ಲ. ಹಾಗಾದರೆ ದೋಷವೆಲ್ಲಿದೆ? ಇಲ್ಲಿ ನಮ್ಮ ಸ್ಯಾದ್ವಾದವು ದಾರಿದೀಪವಾಗುತ್ತದೆಂಬುದು ನನ್ನ ನಂಬಿಕೆ.

‘ಸ್ಯಾತ್’ ಎಂಬ ಶಬ್ದಕ್ಕೆ ‘ಬಹುಶಃ’ ಎಂದು ಅರ್ಥಮಾಡುವವರಿದ್ದಾರೆ. ಅದು ಸರಿಯಲ್ಲವೆಂಬುದು ಓದುಗರಿಗೆ ತಿಳಿದ ವಿಷಯವೇ. ಸ್ಯಾದ್ವಾದವು ಸಂಶಯವಾದವಲ್ಲ. ‘ಸ್ಯಾತ್’ ಎಂದರೆ ‘ಕಥಂಚಿತ್’, ಅಂದರೆ ಒಂದು ನಿರ್ದಿಷ್ಟ ಅಪೇಕ್ಷೆಯಿಂದ. ಮಡಕೆಯು ತನ್ನ ದ್ರವ್ಯ, ತನ್ನ ಕ್ಷೇತ್ರ, ತನ್ನ ಕಾಲ, ತನ್ನ ಭಾವ ಎಂಬ ಸ್ವಚತುಷ್ಟಯದ ಅಪೇಕ್ಷೆಯಿಂದ ಇದೆ. ಪರಚತುಷ್ಟಯದ ಅಪೇಕ್ಷೆಯಿಂದ ಇಲ್ಲ. ಅಪೇಕ್ಷೆಯನ್ನು ಸ್ಪಷ್ಟವಾಗಿ ಹೇಳಿದಾಗ ಮಾತು ದೃಢವಾಗುತ್ತದೆಯೇ ಹೊರತು ದುರ್ಬಲವಾಗುವುದಿಲ್ಲ. ಅಪೇಕ್ಷೆಯನ್ನು ಮರೆತು ‘ಇದು ಹೀಗೆಯೇ’ ಎಂದಾಗ ಅದು ಏಕಾಂತವಾಗುತ್ತದೆ. ಶಾಸ್ತ್ರದ ಪರಿಭಾಷೆಯನ್ನು ಲೌಕಿಕ ವಿಷಯಕ್ಕೆ ಅನ್ವಯಿಸುವುದರಲ್ಲಿ ಸ್ವಲ್ಪ ಸ್ವಾತಂತ್ರ್ಯ ವಹಿಸುತ್ತಿದ್ದೇನೆ, ವಿದ್ವಾಂಸರು ಮನ್ನಿಸಬೇಕು. ಆದರೆ ಮೇಲೆ ಹೇಳಿದ ಸೋಲುಗಳಲ್ಲಿ ಕೆಲವನ್ನು ಈ ನಾಲ್ಕು ಅಪೇಕ್ಷೆಗಳ ಮುಂದಿಟ್ಟು ನೋಡಿದರೆ ವಿಷಯವು ಆಶ್ಚರ್ಯಕರವಾಗಿ ಸ್ಪಷ್ಟವಾಗುತ್ತದೆ.

1936ರಲ್ಲಿ ಮರೆತದ್ದು ದ್ರವ್ಯವನ್ನು. ಆ ಪತ್ರಿಕೆಯು ತನ್ನ ವಿಳಾಸಗಳನ್ನು ಬಹುಮಟ್ಟಿಗೆ ದೂರವಾಣಿ ಪುಸ್ತಕಗಳಿಂದಲೂ ಮೋಟಾರು ವಾಹನಗಳ ನೋಂದಣಿ ಪಟ್ಟಿಗಳಿಂದಲೂ ಆಯ್ದಿತ್ತು. ಮಹಾ ಆರ್ಥಿಕ ಕುಸಿತದ ಆ ಕಾಲದಲ್ಲಿ ದೂರವಾಣಿ, ಕಾರು ಉಳ್ಳವರು ಸ್ಥಿತಿವಂತರು. ಚೀಟಿಯನ್ನು ಮರಳಿ ಕಳುಹಿಸಿದವರು ಆ ಸ್ಥಿತಿವಂತರಲ್ಲಿಯೂ ಒಂದು ಭಾಗ ಮಾತ್ರ. ಆ ಇಪ್ಪತ್ತಮೂರು ಲಕ್ಷ ಜನರ ವಿಷಯದಲ್ಲಿ ಪತ್ರಿಕೆಯ ಎಣಿಕೆ ಸತ್ಯ. ಅವರೇ ಇಡೀ ರಾಷ್ಟ್ರವೆಂದಾಗ ಅಸತ್ಯ. ಅದೇ ವರ್ಷ ಜಾರ್ಜ್ ಗ್ಯಾಲಪ್ ಅವರು ಇದರ ಒಂದು ಸಣ್ಣ ಅಂಶದಷ್ಟು ಜನರನ್ನು ಮಾತ್ರ ಕೇಳಿ, ಎಲ್ಲ ವರ್ಗದವರನ್ನೂ ಒಳಗೊಳ್ಳುವಂತೆ ಆಯ್ದು, ರೂಸ್‌ವೆಲ್ಟರ ಗೆಲುವನ್ನು ಸರಿಯಾಗಿ ಊಹಿಸಿದರು. ಸಂಖ್ಯೆಯ ಬಾಹುಳ್ಯವೇ ಪ್ರಮಾಣವಲ್ಲ.

1948ರಲ್ಲಿ ಮರೆತದ್ದು ಕಾಲವನ್ನು. ಗ್ಯಾಲಪ್ಪರೂ ಆ ವರ್ಷ ತಪ್ಪಿದರು. ಸಮೀಕ್ಷೆಗಳು ಮತದಾನಕ್ಕೆ ಬಹಳ ಮೊದಲೇ ನಿಂತುಹೋಗಿದ್ದವು. ಸೆಪ್ಟೆಂಬರಿನ ಮನಸ್ಸು ನವೆಂಬರಿನಲ್ಲಿಯೂ ಇರುತ್ತದೆಂಬ ಭ್ರಮೆ ಅದಕ್ಕೆ ಕಾರಣ. ಪರ್ಯಾಯವು ಕ್ಷಣಕ್ಷಣಕ್ಕೂ ಬದಲಾಗುತ್ತದೆಂದು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

2016ರಲ್ಲಿ ಮರೆತದ್ದು ಕ್ಷೇತ್ರವನ್ನು. ಇಡೀ ದೇಶದಲ್ಲಿ ಕ್ಲಿಂಟನ್ನರಿಗೆ ಹೆಚ್ಚು ಮತಗಳು ಬರುವುದೆಂಬ ಮಾತು ನಿಜವಾಯಿತು; ಅವರು ಸುಮಾರು 28 ಲಕ್ಷ ಮತಗಳಿಂದ ಮುಂದಿದ್ದರು. ಆದರೆ ಅಲ್ಲಿ ಅಧ್ಯಕ್ಷರನ್ನು ಆರಿಸುವುದು ರಾಜ್ಯವಾರು ಚುನಾಯಕ ಮಂಡಲಿ. ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಎಂಬ ಮೂರು ರಾಜ್ಯಗಳಲ್ಲಿ ಒಟ್ಟು ಸುಮಾರು 78,000 ಮತಗಳ ಅಂತರವು ಫಲಿತಾಂಶವನ್ನು ನಿರ್ಧರಿಸಿತು. ಗೆದ್ದೇ ಬಿಟ್ಟೆವೆಂದು ಎಣಿಸಿದ್ದ ವಿಸ್ಕಾನ್ಸಿನ್ ರಾಜ್ಯಕ್ಕೆ ಕ್ಲಿಂಟನ್ನರು ಅಭ್ಯರ್ಥಿಯಾದ ಮೇಲೆ ಪ್ರಚಾರಕ್ಕಾಗಿ ಒಮ್ಮೆಯೂ ಹೋಗಿರಲಿಲ್ಲ.

ನಾಲ್ಕನೆಯದು ಭಾವ. ಅಮೆರಿಕಾದ ಜನಾಭಿಪ್ರಾಯ ಸಂಶೋಧಕರ ಸಂಘವು 2017ರಲ್ಲಿ ಪ್ರಕಟಿಸಿದ ವರದಿಯು, ಸಮೀಕ್ಷೆಗೆ ಉತ್ತರಿಸುವವರಲ್ಲಿ ಪದವೀಧರರೇ ಹೆಚ್ಚಾಗಿದ್ದುದನ್ನೂ ಹಲವು ರಾಜ್ಯಮಟ್ಟದ ಸಮೀಕ್ಷೆಗಳು ಅದನ್ನು ಸರಿಪಡಿಸದೆ ಬಿಟ್ಟುದನ್ನೂ ತೋರಿಸಿತು. ಸರಿಪಡಿಸಿದ ಮೇಲೆಯೂ 2020ರಲ್ಲಿ ರಾಷ್ಟ್ರೀಯ ಸಮೀಕ್ಷೆಗಳ ತಪ್ಪು ನಲವತ್ತು ವರ್ಷಗಳಲ್ಲಿಯೇ ಅತಿ ಹೆಚ್ಚಿನದಾಯಿತು. ಉತ್ತರಿಸಲು ಇಚ್ಛಿಸುವವನ ಭಾವವೇ ಬಾಗಿಲು ಮುಚ್ಚಿಕೊಳ್ಳುವವನ ಭಾವವೂ ಆಗಿರುತ್ತದೆಂದು ತಿಳಿಯಲಾಗದು.

ಈ ಸಂಬಂಧವನ್ನು ನಾನು ಹೊಸದಾಗಿ ಕಲ್ಪಿಸಿದ್ದಲ್ಲ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಪ್ರಶಾಂತಚಂದ್ರ ಮಹಾಲನೋಬಿಸ್ ಅವರು ಸಂಖ್ಯಾಶಾಸ್ತ್ರದ ಬುನಾದಿಯನ್ನು ಕುರಿತು 1954ರಲ್ಲಿ ಬರೆದ ಪ್ರಬಂಧದಲ್ಲಿ ಜೈನರ ಸ್ಯಾದ್ವಾದವನ್ನು ಪ್ರಸ್ತಾಪಿಸಿ, ಆಧುನಿಕ ಸಂಭವನೀಯತೆಯ ವಿಚಾರಕ್ಕೆ ಅದು ಹತ್ತಿರವಾಗಿರುವುದನ್ನು ಎತ್ತಿ ತೋರಿಸಿದರು. 1957ರಲ್ಲಿ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಅವರು ‘ಸಾಂಖ್ಯ’ ಪತ್ರಿಕೆಯಲ್ಲಿ ಸಪ್ತಭಂಗಿಯನ್ನು ಕುರಿತೇ ಒಂದು ಲೇಖನವನ್ನು ಬರೆದರು. ಪರಕೀಯರು ನಮ್ಮಲ್ಲಿ ಕಂಡ ಈ ನಿಧಿಯನ್ನು ನಾವು ಸಭಾಭೂಷಣವಾಗಿ ಮಾತ್ರ ಉಳಿಸಿಕೊಳ್ಳಬಾರದು.

ಒಂದು ಆಕ್ಷೇಪವನ್ನು ಇಲ್ಲಿ ಪರಿಶೀಲಿಸಬೇಕು. ಸೇನಾಪತಿಯಾದವನು ತನ್ನ ಸೈನಿಕರ ಮುಂದೆ ‘ಗೆದ್ದರೂ ಗೆಲ್ಲಬಹುದು’ ಎನ್ನಲಾದೀತೆ? ಕಾರ್ಯಕರ್ತರಿಗೆ ಧೈರ್ಯ ತುಂಬುವುದು ತಂತ್ರಜ್ಞನ ಕರ್ತವ್ಯವಲ್ಲವೆ? ಅಲ್ಲದೆ 1936ರಲ್ಲಿಯೇ ರೂಸ್‌ವೆಲ್ಟರ ಪ್ರಚಾರವನ್ನು ನಡೆಸಿದ ಜೇಮ್ಸ್ ಫಾರ್ಲೆ ಅವರು ಮೇನ್ ಮತ್ತು ವರ್ಮಾಂಟ್ ಹೊರತು ಎಲ್ಲ ರಾಜ್ಯಗಳನ್ನೂ ಗೆಲ್ಲುವೆವೆಂದು ಮೊದಲೇ ಹೇಳಿದ್ದರು, ಅದು ಅಕ್ಷರಶಃ ನಿಜವಾಯಿತು. ಇದಕ್ಕೆ ಏನೆನ್ನಬೇಕು?

ಸಂಕಲ್ಪವೇ ಬೇರೆ, ನಿರ್ಣಯವೇ ಬೇರೆ ಎಂಬುದೇ ನನ್ನ ಉತ್ತರ. ‘ಗೆಲ್ಲಲು ಸರ್ವಪ್ರಯತ್ನವನ್ನೂ ಮಾಡುವೆವು’ ಎಂಬುದು ಸಂಕಲ್ಪ. ಅದು ನಮ್ಮ ಅಧೀನದಲ್ಲಿದೆ, ಅದನ್ನು ಎಷ್ಟು ದೃಢವಾಗಿ ಹೇಳಿದರೂ ದೋಷವಿಲ್ಲ. ‘ಗೆಲ್ಲುವುದು ನಿಶ್ಚಿತ’ ಎಂಬುದು ನಿರ್ಣಯ. ಅದು ಕೋಟ್ಯಂತರ ಜನರ ಮನಸ್ಸನ್ನು ಅರಿತವನು ಆಡಬೇಕಾದ ಮಾತು. ಮತಿ, ಶ್ರುತಜ್ಞಾನಗಳನ್ನು ಮಾತ್ರ ಉಳ್ಳ ನಾವು ಕೇವಲಜ್ಞಾನಿಯ ಭಾಷೆಯನ್ನು ಎರವಲು ಪಡೆಯಲಾಗದು. ಫಾರ್ಲೆಯವರ ಮಾತು ನಿಜವಾದದ್ದು ಸಂತೋಷವೇ. ಆದರೆ ‘ಲಿಟರರಿ ಡೈಜೆಸ್ಟ್’ ಕೂಡ ಅಂದಿನವರೆಗೆ ನಿಜವನ್ನೇ ನುಡಿಯುತ್ತ ಬಂದಿತ್ತೆಂಬುದನ್ನು ಮರೆಯಬಾರದು. ಫಲಿಸಿದ ಮಾತ್ರಕ್ಕೆ ಊಹೆಯು ಜ್ಞಾನವಾಗುವುದಿಲ್ಲ.

ಫಿಲಿಪ್ ಟೆಟ್ಲಾಕ್ ಎಂಬ ಮನಶ್ಶಾಸ್ತ್ರಜ್ಞರು ಸುಮಾರು ಇಪ್ಪತ್ತು ವರ್ಷಗಳ ಕಾಲ 284 ಮಂದಿ ಪರಿಣತರ ಸಾವಿರಾರು ಭವಿಷ್ಯವಾಣಿಗಳನ್ನು ಸಂಗ್ರಹಿಸಿ 2005ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಆಗುವುದೇ ಇಲ್ಲವೆಂದು ಅವರು ಹೇಳಿದ ಸಂಗತಿಗಳಲ್ಲಿ ಶೇಕಡಾ 15ರಷ್ಟು ಆಗಿಯೇ ತೀರಿದವು. ಆಗುವುದು ನಿಶ್ಚಿತವೆಂದವುಗಳಲ್ಲಿ ಸುಮಾರು ಕಾಲು ಭಾಗ ಆಗಲಿಲ್ಲ. ಒಂದೇ ತತ್ತ್ವದಿಂದ ಎಲ್ಲವನ್ನೂ ವಿವರಿಸುವವರಿಗಿಂತ, ಹಲವು ದೃಷ್ಟಿಗಳಿಂದ ನೋಡಿ ಅಳುಕುತ್ತ ನುಡಿಯುವವರು ಹೆಚ್ಚು ಸರಿಯಾಗಿದ್ದರು. ಹೆಚ್ಚು ಪ್ರಸಿದ್ಧರಾದವರು ಹೆಚ್ಚು ತಪ್ಪಿದ್ದರು. ಏಕೆಂದರೆ ಪತ್ರಿಕೆಗೂ ದೂರದರ್ಶನಕ್ಕೂ ಬೇಕಾದದ್ದು ಅಳುಕಿಲ್ಲದ ಮಾತು. ಮಾನಕಷಾಯಕ್ಕೆ ಮಾರುಕಟ್ಟೆಯೂ ದೊರೆತರೆ ಅದನ್ನು ಗೆಲ್ಲುವುದು ಕಷ್ಟ.

ಇದರಿಂದ ಯಾರಿಗೆ ಹಾನಿಯೆಂದು ಕೇಳಬಹುದು. 2016ರ ಅಕ್ಟೋಬರಿನಲ್ಲಿ ಕ್ಲಿಂಟನ್ನರ ಮಿಂಚಂಚೆಗಳ ತನಿಖೆಯನ್ನು ಮತ್ತೆ ಕೈಗೆತ್ತಿಕೊಂಡುದನ್ನು ಮತದಾನಕ್ಕೆ ಹನ್ನೊಂದು ದಿನ ಮೊದಲು ಬಹಿರಂಗಪಡಿಸಿದ ಕೇಂದ್ರ ತನಿಖಾ ಸಂಸ್ಥೆಯ ನಿರ್ದೇಶಕ ಜೇಮ್ಸ್ ಕೋಮಿ ಅವರು, 2018ರ ತಮ್ಮ ಪುಸ್ತಕದಲ್ಲಿ ಒಂದು ಮಾತನ್ನು ಒಪ್ಪಿಕೊಂಡಿದ್ದಾರೆ. ಕ್ಲಿಂಟನ್ನರೇ ಮುಂದಿನ ಅಧ್ಯಕ್ಷರೆಂದು ಎಲ್ಲರೂ ನಂಬಿದ್ದ ವಾತಾವರಣವು ತಮ್ಮ ಆ ತೀರ್ಮಾನದ ಮೇಲೆ ಪ್ರಭಾವ ಬೀರಿರಬಹುದು ಎಂಬುದೇ ಆ ಮಾತು. ಆ ತೀರ್ಮಾನದ ಗುಣದೋಷಗಳನ್ನು ಹೇಳುವುದು ನನ್ನ ಕೆಲಸವಲ್ಲ. ಹಲವರು ‘ಖಂಡಿತ’ ಎಂದ ಮಾತೊಂದು, ಅದನ್ನು ಆಡದ ಒಬ್ಬ ಅಧಿಕಾರಿಯ ಲೇಖನಿಯೊಳಗೆ ಹೇಗೆ ಸೇರಿಕೊಂಡಿತೆಂಬುದನ್ನು ಮಾತ್ರ ತೋರಿಸಬಯಸುತ್ತೇನೆ.

ಹಾನಿಯ ಇನ್ನೊಂದು ಮುಖವನ್ನು ನನಗೆ ತೋರಿಸಿದವನು ಅಮೆರಿಕಾದಲ್ಲಿ ಬೆಳೆಯುತ್ತಿರುವ ನನ್ನ ಮೊಮ್ಮಗ. ಅವನು ಭಾನುವಾರಗಳಲ್ಲಿ ಅಲ್ಲಿಯ ಜೈನ ಪಾಠಶಾಲೆಗೆ ಹೋಗುತ್ತಾನೆ. 2024ರ ಚುನಾವಣೆಯ ಸಮಯದಲ್ಲಿ ದೂರವಾಣಿಯಲ್ಲಿ ಮಾತನಾಡುವಾಗ ಹಳೆಯ ಪ್ರಸಂಗವೊಂದನ್ನು ಹೇಳಿದ. 2016ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ನರವಿಜ್ಞಾನಿ ಸ್ಯಾಮ್ ವಾಂಗ್ ಅವರು ಸಮೀಕ್ಷೆಗಳನ್ನು ಕ್ರೋಡೀಕರಿಸಿ ಕ್ಲಿಂಟನ್ನರ ಗೆಲುವಿನ ಸಂಭವ ಶೇಕಡಾ 99 ಎಂದಿದ್ದರು. ಟ್ರಂಪ್ 240ಕ್ಕಿಂತ ಹೆಚ್ಚು ಚುನಾಯಕ ಮತಗಳನ್ನು ಪಡೆದರೆ ತಾವು ಒಂದು ಕೀಟವನ್ನು ತಿನ್ನುವುದಾಗಿ ಸಾರ್ವಜನಿಕವಾಗಿ ಪಣ ತೊಟ್ಟಿದ್ದರು. ಚುನಾವಣೆ ಮುಗಿದ ಆ ವಾರವೇ ದೂರದರ್ಶನದಲ್ಲಿ, ಎಲ್ಲರ ಎದುರು, ಮಿಡತೆಯ ಬಳಗಕ್ಕೆ ಸೇರಿದ ಜೀರುಂಡೆಯೊಂದನ್ನು ಜೇನುತುಪ್ಪದೊಡನೆ ತಿಂದರು.

“ಅಜ್ಜಾ, ಅವರು ಕೊಟ್ಟ ಮಾತನ್ನು ಉಳಿಸಿಕೊಂಡರು. ಅದು ಸತ್ಯವ್ರತ ಅಲ್ಲವಾ? ತಿನ್ನದೇ ಇದ್ದಿದ್ದರೆ ಸುಳ್ಳಾಗುತ್ತಿತ್ತು. ತಿಂದರೆ ಹಿಂಸೆ. ಹಾಗಾದರೆ ಏನು ಮಾಡಬೇಕಿತ್ತು?” ಎಂದು ಅವನು ಕೇಳಿದ.

ಹದಿನಾಲ್ಕು ವರ್ಷದ ಬಾಲಕನ ಈ ಪ್ರಶ್ನೆ ಹಗುರವಾದುದಲ್ಲ. ವಾಂಗ್ ಅವರು ನಮ್ಮ ಧರ್ಮದವರಲ್ಲ. ಅವರ ಸಮಾಜದಲ್ಲಿ ಅದೊಂದು ವಿನೋದ. ತಪ್ಪಿದ್ದನ್ನು ಮುಚ್ಚಿಡದೆ ಬಹಿರಂಗವಾಗಿ ಒಪ್ಪಿಕೊಂಡ ಅವರ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ಆದರೆ ನಮ್ಮ ದೃಷ್ಟಿಯಲ್ಲಿ ಅಲ್ಲಿದ್ದುದು ಒಂದು ಚತುರಿಂದ್ರಿಯ ಜೀವ. ಯಾವ ಚುನಾವಣೆಯಲ್ಲಿಯೂ ಅದಕ್ಕೆ ಪಾಲಿರಲಿಲ್ಲ. ಜೊತೆಗಿದ್ದ ಮಧುವೂ ಮದ್ಯ, ಮಾಂಸಗಳ ಸಾಲಿನಲ್ಲಿ ಶ್ರಾವಕನಿಗೆ ತ್ಯಾಜ್ಯವಾದ ವಸ್ತು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸತ್ಯಾಣುವ್ರತದ ಲಕ್ಷಣವನ್ನು ಹೇಳುವಾಗ, ಸ್ಥೂಲವಾದ ಅಸತ್ಯವನ್ನು ಆಡದಿರುವುದರ ಜೊತೆಗೆ, ವಿಪತ್ತನ್ನು ತರುವ ಸತ್ಯವನ್ನೂ ಆಡಬಾರದೆಂದಿದ್ದಾರೆ. ಸತ್ಯವು ಅಹಿಂಸೆಯ ರಕ್ಷಣೆಗಾಗಿ ಇರುವ ಬೇಲಿ. ಬೇಲಿಯೇ ಬೆಳೆಯನ್ನು ಮೇಯಬಾರದು. ಆದುದರಿಂದ ಅಂತಹ ಪಣವನ್ನು ತೊಟ್ಟ ಶ್ರಾವಕನು ಅದನ್ನು ಮುರಿದು ಪ್ರಾಯಶ್ಚಿತ್ತ ಮಾಡಿಕೊಳ್ಳುವುದೇ ಸರಿಯೆಂದು ಮೊಮ್ಮಗನಿಗೆ ಹೇಳಿದೆ. ಆದರೆ ಇಷ್ಟಕ್ಕೇ ಪ್ರಶ್ನೆ ತೀರುವುದಿಲ್ಲ. ಅವನ ಇಕ್ಕಟ್ಟು ಹುಟ್ಟಿದ್ದು ತಿನ್ನುವ ದಿನವಲ್ಲ, ನುಡಿದ ದಿನ. ತತ್ತ್ವಾರ್ಥಸೂತ್ರವು ಅನರ್ಥದಂಡವ್ರತದ ಅತಿಚಾರಗಳಲ್ಲಿ ಮೌಖರ್ಯವನ್ನೂ ಅಸಮೀಕ್ಷ್ಯಾಧಿಕರಣವನ್ನೂ ಎಣಿಸಿದೆ. ಅಂದರೆ ಅಂಕೆಯಿಲ್ಲದ ಮಾತುಗಾರಿಕೆ, ವಿವೇಚಿಸದೆ ಕೈಹಾಕುವ ಕಾರ್ಯ. ಶ್ವೇತಾಂಬರ ಆಗಮವಾದ ದಶವೈಕಾಲಿಕ ಸೂತ್ರದ ಏಳನೆಯ ಅಧ್ಯಯನವು ವಾಕ್ಯಶುದ್ಧಿಯನ್ನೇ ಕುರಿತದ್ದು. ಭವಿಷ್ಯದ ವಿಷಯದಲ್ಲಿ, ಸಂದೇಹಕ್ಕೆ ಎಡೆಯಿರುವಲ್ಲಿ, ‘ಹೀಗೆಯೇ ಆಗುವುದು’ ಎಂದು ಸಾಧುವು ನುಡಿಯಬಾರದೆಂದು ಅಲ್ಲಿ ವಿಧಿಸಲಾಗಿದೆ. ಸಾಧುವಿಗೆ ವಿಧಿಸಿದ ಈ ನಿಯಮದ ಒಂದಂಶವನ್ನಾದರೂ ಗೃಹಸ್ಥನು ಪಾಲಿಸಬಹುದು.

ನಮ್ಮ ಪುರಾಣಗಳಲ್ಲಿ ಬರುವ ನಾರದ, ಪರ್ವತರ ಕಥೆಯು ಓದುಗರಿಗೆ ನೆನಪಾಗಬಹುದು. ಯಜ್ಞದಲ್ಲಿ ‘ಅಜ’ ಎಂದರೆ ಮೊಳೆಯದ ಹಳೆಯ ಧಾನ್ಯವೆಂದು ನಾರದ, ಆಡೆಂದು ಪರ್ವತ ವಾದಿಸಿದರು. ಸೋತವನ ನಾಲಗೆಯನ್ನು ಕತ್ತರಿಸಬೇಕೆಂಬ ಪಣವಾಯಿತು. ಮಗನನ್ನು ಉಳಿಸಲು ಪರ್ವತನ ತಾಯಿ ವಸುರಾಜನನ್ನು ಬೇಡಿಕೊಂಡಳು. ಸತ್ಯಕ್ಕೆ ಹೆಸರಾಗಿದ್ದ ವಸುವು ಅಸತ್ಯ ಪಕ್ಷವನ್ನು ಎತ್ತಿಹಿಡಿದು ಸಿಂಹಾಸನದೊಡನೆ ಕುಸಿದುಹೋದನು. ವಸುವಿನ ಪತನವನ್ನು ಎಲ್ಲರೂ ಹೇಳುತ್ತಾರೆ. ಆದರೆ ಪಣವನ್ನೇ ಕಟ್ಟದಿದ್ದರೆ ತಾಯಿ ಬೇಡುವ ಪ್ರಸಂಗವೂ ರಾಜನು ಬೀಳುವ ಪ್ರಸಂಗವೂ ಬರುತ್ತಿರಲಿಲ್ಲ. ಅರ್ಥವೊಂದನ್ನು ಕುರಿತ ಭಿನ್ನಾಭಿಪ್ರಾಯವು ಮಾನಕಷಾಯದ ಕೈಗೆ ಸಿಕ್ಕು ಪಶುಹಿಂಸೆಯ ಸಮರ್ಥನೆಯವರೆಗೆ ಬೆಳೆಯಿತು.

ಕೊನೆಯದಾಗಿ ತಪ್ಪೊಪ್ಪಿಗೆಯ ವಿಷಯ. ಡೇವಿಡ್ ಪ್ಲಫ್ ಅವರು 2016ರಲ್ಲಿ ತಾವು ಪೂರ್ಣವಾಗಿ ತಪ್ಪಿದುದನ್ನು ತಡಮಾಡದೆ ಹೇಳಿದರು. ಕಾರ್ವಿಲ್ ಅವರೂ 2025ರ ಜನವರಿಯಲ್ಲಿ ಅದೇ ಪತ್ರಿಕೆಯಲ್ಲಿ ತಮ್ಮ ತಪ್ಪನ್ನು ಒಪ್ಪಿ ಬರೆದರು. ಇದು ಆಲೋಚನೆಯೂ ಪ್ರತಿಕ್ರಮಣವೂ ಆಗಬಲ್ಲ ಸದ್ಗುಣ. ಆದರೆ ಅದೇ ಕಾರ್ವಿಲ್ ಅವರು 2009ರಲ್ಲಿ, ಡೆಮಾಕ್ರಟಿಕ್ ಪಕ್ಷವು ಇನ್ನು ನಲವತ್ತು ವರ್ಷ ಆಳುವುದೆಂಬ ಶೀರ್ಷಿಕೆಯ ಪುಸ್ತಕವನ್ನು ಪ್ರಕಟಿಸಿದ್ದರು. ಮರುವರ್ಷವೇ ಆ ಪಕ್ಷವು ಪ್ರತಿನಿಧಿ ಸಭೆಯಲ್ಲಿ 63 ಸ್ಥಾನಗಳನ್ನು ಕಳೆದುಕೊಂಡಿತು. ಅಂತಹ ಅನುಭವದ ಅನಂತರವೂ 2024ರಲ್ಲಿ ‘ನಿಶ್ಚಿತ’ ಎಂಬ ಮಾತೇ ಮತ್ತೆ ಬಂತು. ಷಡಾವಶ್ಯಕಗಳಲ್ಲಿ ಪ್ರತಿಕ್ರಮಣದ ಜೊತೆಗೆ ಪ್ರತ್ಯಾಖ್ಯಾನವನ್ನೂ ಆಚಾರ್ಯರು ಇಟ್ಟಿರುವುದು ಇದಕ್ಕಾಗಿಯೇ. ಹಿಂದಿನದಕ್ಕೆ ಪಶ್ಚಾತ್ತಾಪ ಪಟ್ಟು, ಮುಂದಿನದನ್ನು ತ್ಯಜಿಸದೆ ಹೋದರೆ, ಲೆಕ್ಕದ ಪುಸ್ತಕದಲ್ಲಿ ಒಂದು ಪುಟವನ್ನು ಮಾತ್ರ ತಿದ್ದಿದಂತಾಗುತ್ತದೆ.

ದೂರದೇಶದ ಈ ಸಂಗತಿಗಳನ್ನು ಇಷ್ಟು ವಿಸ್ತಾರವಾಗಿ ಬರೆದುದಕ್ಕೆ ಕಾರಣವಿದೆ. ನಾವು ಯಾರೂ ಅಧ್ಯಕ್ಷರನ್ನು ಗೆಲ್ಲಿಸುವ ತಂತ್ರಜ್ಞರಲ್ಲ. ಆದರೆ ಬಸದಿಯ ಜೀರ್ಣೋದ್ಧಾರ ಇಂತಿಷ್ಟು ತಿಂಗಳಲ್ಲಿ ಮುಗಿದೇ ಮುಗಿಯುತ್ತದೆಂದು ಟ್ರಸ್ಟಿನ ಸಭೆಯಲ್ಲಿ ನುಡಿಯುವವರು ನಮ್ಮಲ್ಲಿದ್ದಾರೆ. ಆ ಮಾತನ್ನು ನಂಬಿ ಉಳಿತಾಯವನ್ನು ತಂದೊಪ್ಪಿಸುವ ವಿಧವೆಯರಿದ್ದಾರೆ. ಈ ಸಂಬಂಧ ಕೂಡಿದರೆ ಹುಡುಗಿ ಸುಖವಾಗಿರುವುದು ಖಂಡಿತವೆಂದು ತಂದೆತಾಯಿಗೆ ಹೇಳುವ ಹಿರಿಯರಿದ್ದಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಬಲ್ಲವರೂ ಈ ‘ಖಂಡಿತ’ವನ್ನು ಮಾತೆಂದೇ ಎಣಿಸುವುದಿಲ್ಲ. ಅದನ್ನು ನುಡಿಯುವ ಮುನ್ನ ಯಾರನ್ನು ಕೇಳಿ ತಿಳಿದೆ, ಎಲ್ಲಿಯ ಮಾತಿದು, ಎಂದಿನ ಮಾತಿದು, ಯಾವ ಭಾವದಿಂದ ಆಡುತ್ತಿದ್ದೇನೆ ಎಂಬ ನಾಲ್ಕು ಪ್ರಶ್ನೆಗಳನ್ನು ಮನಸ್ಸಿನಲ್ಲಿ ಕೇಳಿಕೊಳ್ಳಲು ಒಂದು ಣಮೋಕಾರವನ್ನು ಜಪಿಸುವಷ್ಟು ಸಮಯ ಸಾಕು. ಉತ್ತರ ದೊರೆತರೆ ಅದನ್ನೂ ಸೇರಿಸಿ ಹೇಳೋಣ. ದೊರೆಯದಿದ್ದರೆ, ‘ನಮ್ಮ ಪ್ರಯತ್ನವನ್ನು ನಾವು ಮಾಡುವೆವು’ ಎಂದಷ್ಟೇ ಹೇಳಿದರೂ ಕೇಳುವವರು ನಮ್ಮನ್ನು ಕಡಿಮೆಯಾಗಿ ನಂಬಲಾರರು.